ವೇಗದ ಕಂಪ್ರೆಸರ್‌ಗಳಲ್ಲಿ ತೇವ ಗಾಳಿಯ ಹರಿವನ್ನು ಸಿಮ್ಯುಲೇಟ್ ಮಾಡುವ ಕ್ರಮ: ಸಮಗ್ರ ಮಾರ್ಗದರ್ಶಿ

ತೇವ ಗಾಳಿಯ ಸಿಮ್ಯುಲೇಶನ್ ಹೆಚ್ಚಿನವರಿಗೆ ಕೈಕೊಡುವುದು ಒಂದೇ ಜಾಗದಲ್ಲಿ. ಗಾಳಿಯಲ್ಲಿ ನೀರಾವಿ ಇದೆ ಎಂದ ಕೂಡಲೇ ಸಾಂದ್ರೀಕರಣದ, ಅಂದರೆ ಆವಿ ಹನಿಯಾಗುವುದರ, ಮಾದರಿಯನ್ನು ಮೊದಲ ರನ್‌ನಲ್ಲಿಯೇ ಚಾಲೂ ಮಾಡುತ್ತಾರೆ. ಆಗ ಸಾಲ್ವರ್ (ಹರಿವಿನ ಸಮೀಕರಣಗಳನ್ನು ಬಿಡಿಸುವ ತಂತ್ರಾಂಶ) ಒಂದೋ ಅರ್ಧದಲ್ಲಿ ನಿಲ್ಲುತ್ತದೆ, ಇಲ್ಲವೇ ನೋಡಲು ನಂಬುವಂತಿರುವ ತಪ್ಪು ಉತ್ತರವನ್ನು ಕೊಡುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ವರದಿಯೊಳಗೆ ಸೇರಿಬಿಡುತ್ತದೆ.

ತೇವಾಂಶದಿಂದ ಕಂಪ್ರೆಸರ್ ಮೇಲಾಗುವ ಪರಿಣಾಮಗಳು ಎರಡು. ನೀರಾವಿ ಬೆರೆತಾಗ ಅನಿಲದ ಸ್ಥಿರಾಂಕ, ವಿಶಿಷ್ಟೋಷ್ಣ ಮತ್ತು ಶಬ್ದದ ವೇಗ ಬದಲಾಗುವುದು ಮೊದಲನೆಯದು. ಇದು ಯಾವಾಗಲೂ ಆಗುತ್ತದೆ. ಆವಿ ಹನಿಯಾಗಿ ಗುಪ್ತೋಷ್ಣವನ್ನು ಬಿಟ್ಟುಕೊಡುವುದು ಎರಡನೆಯದು. ಇದು ಕೆಲವೊಮ್ಮೆ ಮಾತ್ರ ಆಗುತ್ತದೆ. ಇವೆರಡನ್ನೂ ಬೇರ್ಪಡಿಸಿ, ಮೊದಲನೆಯದನ್ನು ಪೂರ್ತಿ ಮುಗಿಸಿ, ಎರಡನೆಯದು ಬೇಕೇ ಬೇಡವೇ ಎಂದು ಲೆಕ್ಕ ಹಾಕಿದ ಮೇಲೆಯೇ ಮುಂದೆ ಹೋಗಬೇಕು. ಈ ಮಾರ್ಗದರ್ಶಿಯ ಹಂತಗಳು ಆ ಕ್ರಮದಲ್ಲಿಯೇ ಇವೆ.

ಉದಾಹರಣೆಗೆ ನಾಸಾ ರೋಟರ್ 37 ಅನ್ನು ತೆಗೆದುಕೊಂಡಿದ್ದೇನೆ. ಇದು 36 ಬ್ಲೇಡ್‌ಗಳ ಟ್ರಾನ್ಸಾನಿಕ್ ಅಕ್ಷೀಯ ರೋಟರ್, ಅಂದರೆ ಗಾಳಿ ಅಕ್ಷದ ದಿಕ್ಕಿನಲ್ಲಿ ಹಾದುಹೋಗುವ, ಹರಿವು ಕೆಲವೆಡೆ ಶಬ್ದದ ವೇಗವನ್ನು ಮೀರುವ ತಿರುಗುಚಕ್ರ. ವಿನ್ಯಾಸದ ವೇಗ 17,188.7 ಆರ್‌ಪಿಎಂ, ತುದಿಯ ವೇಗ ಸೆಕೆಂಡಿಗೆ 454 ಮೀಟರ್, ಒತ್ತಡದ ಅನುಪಾತ 2.106, ತುದಿಯಲ್ಲಿ ಒಳಬರುವ ಗಾಳಿಯ ಸಾಪೇಕ್ಷ ಮ್ಯಾಕ್ ಸಂಖ್ಯೆ (ಬ್ಲೇಡಿಗೆ ಹೋಲಿಸಿದ ವೇಗ ಶಬ್ದದ ವೇಗದ ಎಷ್ಟು ಪಟ್ಟು ಎಂಬುದು) 1.48. ಜ್ಯಾಮಿತಿ ಮತ್ತು ಒಣ ಗಾಳಿಯ ಅಳತೆಗಳು ಸಾರ್ವಜನಿಕವಾಗಿರುವುದರಿಂದ ನಿಮ್ಮ ಸೆಟಪ್ ಸರಿಯಿದೆಯೇ ಎಂದು ನೋಡಿಕೊಳ್ಳಲು ಇದು ಅನುಕೂಲಕರ.

## ಮೊದಲೇ ಸಿದ್ಧವಿರಬೇಕಾದ ಸಾಧನಗಳು

ಸಂಕುಚನೀಯ ಹರಿವನ್ನು ತಿರುಗುವ ಚೌಕಟ್ಟಿನಲ್ಲಿ ಬಿಡಿಸಬಲ್ಲ ಸಿಎಫ್‌ಡಿ (ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ) ಸಾಲ್ವರ್, ಬ್ಲೇಡ್‌ಗಳಿಗೆ ಹೊಂದುವ ಮೆಶ್ (ಜಾಗವನ್ನು ಸಣ್ಣ ಸೆಲ್‌ಗಳಾಗಿ ಒಡೆದ ಜಾಲ) ಮಾಡುವ ತಂತ್ರಾಂಶ, ತೇವ ಗಾಳಿಯ ಗುಣಗಳನ್ನು ಕೊಡುವ ಕೂಲ್‌ಪ್ರಾಪ್‌ನಂಥ ಲೈಬ್ರರಿ, ಮತ್ತು ಕೈಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಬೇಕು. ಸಾಲ್ವರ್‌ಗೆ ನಿಮ್ಮದೇ ಸಮೀಕರಣಗಳನ್ನೂ ಮೂಲ ಪದಗಳನ್ನೂ (ಸಮೀಕರಣಕ್ಕೆ ದ್ರವ್ಯ ಅಥವಾ ಶಕ್ತಿಯನ್ನು ಕೂಡಿಸುವ, ಕಳೆಯುವ ಪದಗಳು) ಸೇರಿಸಲು ಅವಕಾಶವಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ಆನ್ಸಿಸ್ ಫ್ಲೂಯೆಂಟ್‌ನಲ್ಲಿರುವ 'ವೆಟ್ ಸ್ಟೀಮ್' ಮಾದರಿಯು ಉಗಿ ಟರ್ಬೈನ್‌ಗಳಿಗಾಗಿ, ಅಂದರೆ ಶುದ್ಧ ಉಗಿಗಾಗಿ ಬರೆದದ್ದು. ಹೆಸರು ನೋಡಿ ಅದನ್ನೇ ಆರಿಸಿಕೊಳ್ಳುವವರು ಬಹಳ. ಗಾಳಿಯಂಥ ವಾಹಕ ಅನಿಲದಲ್ಲಿ ಹನಿಯ ಸುತ್ತಲಿನ ಉಷ್ಣದ ಸಾಗಾಟ ಬೇರೆಯೇ ರೀತಿಯದು, ಆದ್ದರಿಂದ ಅದು ಇಲ್ಲಿಗೆ ಸಲ್ಲುವುದಿಲ್ಲ.

## ಹಂತ 1: ಒಳಬರುವ ಗಾಳಿಯನ್ನು ಕೈಲೆಕ್ಕದಲ್ಲಿ ನಿಗದಿ ಮಾಡಿ

ಒಟ್ಟು ತಾಪಮಾನ 30 ಡಿಗ್ರಿ ಸೆಲ್ಸಿಯಸ್, ಒಟ್ಟು ಒತ್ತಡ 101.325 ಕಿಲೊಪ್ಯಾಸ್ಕಲ್, ಸಾಪೇಕ್ಷ ಆರ್ದ್ರತೆ ಶೇಕಡಾ 80 ಎಂದಿಟ್ಟುಕೊಳ್ಳೋಣ. ಮುಂಗಾರಿನ ಮಂಗಳೂರಿನಲ್ಲಿ ಇದು ತೀರ ಸಾಮಾನ್ಯವಾದ ಸ್ಥಿತಿ. 30 ಡಿಗ್ರಿಯಲ್ಲಿ ಸಂತೃಪ್ತ ಆವಿಯ ಒತ್ತಡ ಸುಮಾರು 4.24 ಕಿಲೊಪ್ಯಾಸ್ಕಲ್, ಅದರ ಶೇಕಡಾ 80 ಎಂದರೆ 3.39. ಇದರಿಂದ ಪ್ರತಿ ಕಿಲೊಗ್ರಾಂ ಒಣ ಗಾಳಿಗೆ ಸುಮಾರು 21.5 ಗ್ರಾಂ ಆವಿ, ಅಂದರೆ ಮಿಶ್ರಣದಲ್ಲಿ 0.021ರಷ್ಟು ಆವಿಯ ದ್ರವ್ಯಾಂಶ ಸಿಗುತ್ತದೆ. ಸಾಲ್ವರ್‌ಗೆ ಕೊಡಬೇಕಾದದ್ದು ಈ ಕೊನೆಯ ಸಂಖ್ಯೆಯನ್ನು.

ಒಟ್ಟು ಎಂದರೆ ಗಾಳಿ ನಿಂತಾಗ ಇರುವ ಮೌಲ್ಯ, ಸ್ಟ್ಯಾಟಿಕ್ ಎಂದರೆ ಹರಿಯುತ್ತಿರುವ ಗಾಳಿಯಲ್ಲೇ ಇರುವ ಮೌಲ್ಯ. ಹವಾಮಾನ ಕೇಂದ್ರ ಕೊಡುವ ಆರ್ದ್ರತೆಯು ನಿಂತ ಗಾಳಿಯದು, ಆದ್ದರಿಂದ ಅದು ಒಟ್ಟು ತಾಪಮಾನ ಮತ್ತು ಒಟ್ಟು ಒತ್ತಡಕ್ಕೆ ಸೇರಿದ್ದು. ಅದೇ ಶೇಕಡಾವಾರನ್ನು ಒಳದ್ವಾರದ ಸ್ಟ್ಯಾಟಿಕ್ ಸ್ಥಿತಿಗೆ ಹಚ್ಚಿದರೆ ಆವಿಯ ಪ್ರಮಾಣ ನಿಜಕ್ಕಿಂತ ಬಹಳ ಕಡಿಮೆ ಬರುತ್ತದೆ. ಸ್ಥಳದ ಒತ್ತಡವನ್ನೂ ಮರೆಯಬಾರದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೊಪ್ಯಾಸ್ಕಲ್. ಅಲ್ಲಿ ಇದೇ ತಾಪಮಾನ ಮತ್ತು ಇದೇ ಆರ್ದ್ರತೆಗೆ ಕಿಲೊಗ್ರಾಂಗೆ ಸುಮಾರು 24 ಗ್ರಾಂ ಆವಿ ಬರುತ್ತದೆ.

## ಹಂತ 2: ಒಣ ಗಾಳಿಯಲ್ಲಿ ರೋಟರ್ ಅನ್ನು ಸರಿಪಡಿಸಿಕೊಳ್ಳಿ

288.15 ಕೆಲ್ವಿನ್ ಮತ್ತು 101.325 ಕಿಲೊಪ್ಯಾಸ್ಕಲ್‌ನ ಒಣ ಗಾಳಿಯಲ್ಲಿ ಒಂದೇ ಬ್ಲೇಡ್ ದಾರಿಯನ್ನು, ಆವರ್ತಕ ಗಡಿಗಳೊಂದಿಗೆ, ಬಿಡಿಸಿ. ಒಳದ್ವಾರದಲ್ಲಿ ಒಟ್ಟು ಒತ್ತಡ ಮತ್ತು ಒಟ್ಟು ತಾಪಮಾನವನ್ನೂ, ಹೊರದ್ವಾರದಲ್ಲಿ ತ್ರಿಜ್ಯದ ಸಮತೋಲನಕ್ಕೆ ಒಳಪಟ್ಟ ಸ್ಟ್ಯಾಟಿಕ್ ಒತ್ತಡವನ್ನೂ ಕೊಡಿ. ಹರಿವಿನ ಪ್ರಕ್ಷುಬ್ಧತೆಗೆ ಎಸ್‌ಎಸ್‌ಟಿ ಅಥವಾ ಸ್ಪಲಾರ್ಟ್-ಆಲ್ಮರಾಸ್ ಮಾದರಿಗಳಲ್ಲಿ ಯಾವುದಾದರೂ ಸರಿ. ಆದರೆ ಒಮ್ಮೆ ಆರಿಸಿದ ಮೇಲೆ ಕೊನೆಯವರೆಗೂ ಅದನ್ನು ಬದಲಿಸಬಾರದು. ಗೋಡೆಯ ಬಳಿ ವೈ-ಪ್ಲಸ್ (ಗೋಡೆಯಿಂದ ಮೊದಲ ಸೆಲ್‌ಗಿರುವ ದೂರದ ಆಯಾಮರಹಿತ ಅಳತೆ) ಮೌಲ್ಯ 1ರ ಆಸುಪಾಸಿನಲ್ಲಿರಲಿ. ತುದಿಯ ತೆರವು ಕೇವಲ 0.356 ಮಿಲಿಮೀಟರ್ ಇರುವುದರಿಂದ ಅದರೊಳಗೇ ಪ್ರತ್ಯೇಕವಾಗಿ ಹದಿನೈದಿಪ್ಪತ್ತು ಪದರ ಸೆಲ್‌ಗಳನ್ನು ಕೊಡಬೇಕಾಗುತ್ತದೆ.

ಹೊರದ್ವಾರದ ಒತ್ತಡವನ್ನು ಇಳಿಸುತ್ತಾ ಹೋಗಿ ಚೋಕ್ ಆಗುವ, ಅಂದರೆ ಒತ್ತಡ ಇನ್ನೂ ಇಳಿಸಿದರೂ ಹೆಚ್ಚದ, ಹರಿವನ್ನು ನೋಡಿ. ಅಳತೆಯಲ್ಲಿ ಸಿಕ್ಕಿದ್ದು ಸೆಕೆಂಡಿಗೆ 20.93 ಕಿಲೊಗ್ರಾಂ. ನಿಮ್ಮ ಸಂಖ್ಯೆ ಇದರಿಂದ ಶೇಕಡಾ ಒಂದಕ್ಕಿಂತ ಹೆಚ್ಚು ದೂರವಿದ್ದರೆ ಜ್ಯಾಮಿತಿ ಅಥವಾ ಮೆಶ್‌ನಲ್ಲಿ ದೋಷವಿದೆ. ತೇವಾಂಶದ ಪರಿಣಾಮವೇ ಶೇಕಡಾ ಒಂದರ ಆಸುಪಾಸಿನ ಗಾತ್ರದ್ದಾಗಿರುವುದರಿಂದ ಇಲ್ಲಿಯ ದೋಷ ಮುಂದೆ ಅದನ್ನು ಪೂರ್ತಿ ನುಂಗಿಬಿಡುತ್ತದೆ.

## ಹಂತ 3: ಆವಿಯನ್ನು ಸೇರಿಸಿ, ಸಾಂದ್ರೀಕರಣವನ್ನು ಸೇರಿಸಬೇಡಿ

ಈಗ ಗಾಳಿ ಮತ್ತು ಆವಿಯನ್ನು ಎರಡು ಆದರ್ಶ ಅನಿಲಗಳ ಮಿಶ್ರಣವಾಗಿ ಕೊಡಿ. ಒಣ ಗಾಳಿಯ ಸ್ಥಿರಾಂಕ 287, ಆವಿಯದು 461.5 ಜೂಲ್ ಪ್ರತಿ ಕಿಲೊಗ್ರಾಂ ಕೆಲ್ವಿನ್. ನಮ್ಮ ಮಿಶ್ರಣಕ್ಕೆ ಸುಮಾರು 290.7 ಬರುತ್ತದೆ. ವಿಶಿಷ್ಟೋಷ್ಣಗಳ ಅನುಪಾತ 1.400ರಿಂದ 1.397ಕ್ಕೆ ಇಳಿಯುತ್ತದೆ. ಇವೆರಡೂ ಸೇರಿ ಶಬ್ದದ ವೇಗವನ್ನು ಸುಮಾರು ಶೇಕಡಾ 0.5ರಷ್ಟು ಹೆಚ್ಚಿಸುತ್ತವೆ.

ಇಲ್ಲಿ ಆರ್‌ಪಿಎಂ ಬಗ್ಗೆ ಸ್ಪಷ್ಟವಾದ ನಿರ್ಧಾರ ಬೇಕು. ಒಣ ಗಾಳಿಯ ಸ್ಥಿತಿಯದೇ ಮ್ಯಾಕ್ ಸಂಖ್ಯೆಯಲ್ಲಿ ಹೋಲಿಕೆ ಬೇಕಿದ್ದರೆ, 30 ಡಿಗ್ರಿಯ ತಾಪಮಾನಕ್ಕಾಗಿ ವೇಗವನ್ನು ಸುಮಾರು 17,630ಕ್ಕೆ, ತೇವಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 17,724ಕ್ಕೆ ಏರಿಸಬೇಕು. ನಿಜವಾದ ಯಂತ್ರವು ಸ್ಥಿರ ಆರ್‌ಪಿಎಂನಲ್ಲಿ ಓಡುತ್ತಿದ್ದು ತೇವ ಗಾಳಿಯಲ್ಲಿ ಅದಕ್ಕೇನಾಗುತ್ತದೆ ಎಂಬುದು ನಿಮ್ಮ ಪ್ರಶ್ನೆಯಾದರೆ ವೇಗವನ್ನು ಮುಟ್ಟಬಾರದು. ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಒಂದರ ಉತ್ತರವನ್ನು ಇನ್ನೊಂದರ ಪಕ್ಕದಲ್ಲಿಟ್ಟು 'ತೇವಾಂಶದಿಂದ ಇಷ್ಟು ನಷ್ಟ' ಎಂದು ಬರೆಯುವ ತಪ್ಪನ್ನು ಮತ್ತೆ ಮತ್ತೆ ಕಾಣುತ್ತೇವೆ.

ಈ ಹಂತಕ್ಕೆ ಒಂದು ಒಳ್ಳೆಯ ಪರೀಕ್ಷೆಯಿದೆ. ವೇಗವನ್ನು ಮೇಲಿನಂತೆ ಸರಿಹೊಂದಿಸಿದ ಮೇಲೆ ಒತ್ತಡದ ಅನುಪಾತದ ರೇಖೆ ಒಣ ಗಾಳಿಯ ರೇಖೆಯ ಮೇಲೆ ಹೆಚ್ಚುಕಡಿಮೆ ಕೂರಬೇಕು. ಒಳದ್ವಾರದ ಒಟ್ಟು ಒತ್ತಡ ಮತ್ತು ತಾಪಮಾನದ ತಿದ್ದುಪಡಿ ಹಾಕಿದ ಚೋಕ್ ಹರಿವು ಮಾತ್ರ ಸುಮಾರು ಶೇಕಡಾ 0.7ರಷ್ಟು ಕಡಿಮೆಯಿರಬೇಕು. ಹಾಗಾಗದಿದ್ದರೆ ಅನಿಲದ ಗುಣಗಳನ್ನು ಎಲ್ಲೋ ತಪ್ಪಾಗಿ ಕೊಟ್ಟಿದ್ದೀರಿ. ಅದನ್ನು ಹುಡುಕಿ ಸರಿಪಡಿಸುವವರೆಗೆ ಮುಂದೆ ಹೋಗಬೇಡಿ.

## ಹಂತ 4: ಅತಿಸಂತೃಪ್ತಿಯ ನಕ್ಷೆಯನ್ನು ತೆಗೆಯಿರಿ

ಹಂತ 3ರ ಫಲಿತಾಂಶದ ಮೇಲೆಯೇ, ಹೊಸ ರನ್ ಇಲ್ಲದೆ, ಪ್ರತಿ ಸೆಲ್‌ನಲ್ಲೂ ಆವಿಯ ಭಾಗಶಃ ಒತ್ತಡವನ್ನು ಅಲ್ಲಿಯ ತಾಪಮಾನದ ಸಂತೃಪ್ತ ಒತ್ತಡದಿಂದ ಭಾಗಿಸಿ. ಈ ಅನುಪಾತವೇ ಅತಿಸಂತೃಪ್ತಿ. ಸಂತೃಪ್ತ ಒತ್ತಡಕ್ಕೆ ಮ್ಯಾಗ್ನಸ್ ಸೂತ್ರ ಸಾಕು: ಸೆಲ್ಸಿಯಸ್ ತಾಪಮಾನವನ್ನು 17.62ರಿಂದ ಗುಣಿಸಿ, ಅದೇ ತಾಪಮಾನಕ್ಕೆ 243.12 ಕೂಡಿಸಿದ ಮೊತ್ತದಿಂದ ಭಾಗಿಸಿ, ಬಂದದ್ದರ ಘಾತೀಯ ಫಲನವನ್ನು 611.2 ಪ್ಯಾಸ್ಕಲ್‌ನಿಂದ ಗುಣಿಸಬೇಕು. ಶೂನ್ಯಕ್ಕಿಂತ ಕೆಳಗೂ ದ್ರವದ ಮೇಲಿನ ಸಂತೃಪ್ತ ಒತ್ತಡವನ್ನೇ ಬಳಸಿ, ಮಂಜುಗಡ್ಡೆಯ ಮೇಲಿನದ್ದನ್ನಲ್ಲ. ಇಷ್ಟು ಕಡಿಮೆ ಸಮಯದಲ್ಲಿ ಹುಟ್ಟುವ ಹನಿಗಳು ಅತಿಶೀತಲ ದ್ರವವಾಗಿಯೇ ಇರುತ್ತವೆ. ಮೈನಸ್ 20 ಡಿಗ್ರಿಯಲ್ಲಿ ಈ ಎರಡು ಒತ್ತಡಗಳ ನಡುವೆ ಶೇಕಡಾ 20ಕ್ಕೂ ಹೆಚ್ಚು ಅಂತರವಿದೆ.

ಮೂರು ತಪ್ಪುಗಳು ಇಲ್ಲಿ ಕಾದಿರುತ್ತವೆ. ಭಾಗಶಃ ಒತ್ತಡಕ್ಕೆ ಮೋಲ್ ಅಂಶದ ಬದಲು ದ್ರವ್ಯಾಂಶವನ್ನು ಬಳಸಿದರೆ ಉತ್ತರ 1.6 ಪಟ್ಟು ಕಡಿಮೆ ಬರುತ್ತದೆ. ಸ್ಟ್ಯಾಟಿಕ್ ತಾಪಮಾನದ ಬದಲು ಒಟ್ಟು ತಾಪಮಾನವನ್ನು ಆರಿಸಿಕೊಂಡರೆ ಅತಿಸಂತೃಪ್ತಿಯೇ ಕಾಣುವುದಿಲ್ಲ. ಮೂರನೆಯದಾಗಿ, ಒಟ್ಟು ತಾಪಮಾನವು ತಿರುಗುವ ಚೌಕಟ್ಟಿನಲ್ಲಿ ಬೇರೆ, ನಿಂತ ಚೌಕಟ್ಟಿನಲ್ಲಿ ಬೇರೆ. ಸ್ಟ್ಯಾಟಿಕ್ ಮಾತ್ರ ಎರಡರಲ್ಲೂ ಒಂದೇ. ತಂತ್ರಾಂಶವು ತಾನಾಗಿ ತೋರಿಸುವ ಪಟ್ಟಿಯಲ್ಲಿ ಯಾವುದಿದೆ ಎಂದು ನೋಡಿಯೇ ಬಳಸಿ.

ಬರಬೇಕಾದ ಸಂಖ್ಯೆಗಳ ಅಂದಾಜು ಹೀಗಿದೆ. ರೋಟರ್ ಮುಂದೆ ನಿರಪೇಕ್ಷ ಮ್ಯಾಕ್ ಸಂಖ್ಯೆ 0.57 ಎಂದಿಟ್ಟುಕೊಂಡರೆ ಗಾಳಿ 11.5 ಡಿಗ್ರಿಗೆ ತಣ್ಣಗಾಗುತ್ತದೆ, ಅತಿಸಂತೃಪ್ತಿ 2 ಆಗುತ್ತದೆ. ಬ್ಲೇಡಿನ ಹೀರುಮೈಯ (ಒತ್ತಡ ಕಡಿಮೆಯಿರುವ ಮೈಯ) ಮೇಲೆ, ಶಾಕ್‌ಗೆ (ವೇಗ ಥಟ್ಟನೆ ಇಳಿದು ಒತ್ತಡ ಥಟ್ಟನೆ ಏರುವ ಆಘಾತ ತರಂಗಕ್ಕೆ) ಸ್ವಲ್ಪ ಮೊದಲು, ಸಾಪೇಕ್ಷ ಮ್ಯಾಕ್ 1.48ರಿಂದ 1.65ಕ್ಕೆ ಏರಿದರೆ ತಾಪಮಾನ ಮೈನಸ್ 8ಕ್ಕೆ ಇಳಿದು ಅತಿಸಂತೃಪ್ತಿ 6.4 ತಲುಪುತ್ತದೆ. ಎಲ್ಲೋ ಒಂದು ಚಿಕ್ಕ ಜಾಗದಲ್ಲಿ ಮ್ಯಾಕ್ 1.8 ಆಗಿಬಿಟ್ಟರೆ ಅದು 20ನ್ನು ಮುಟ್ಟುತ್ತದೆ. ಶಾಕ್ ದಾಟಿದ ಮೇಲೆ ಗಾಳಿ ಬಿಸಿಯಾಗಿ ಈ ಅನುಪಾತ 1ಕ್ಕಿಂತ ಬಹಳ ಕೆಳಗಿಳಿಯಬೇಕು. ನಕ್ಷೆಯಲ್ಲಿ ಬ್ಲೇಡಿನ ಮುಂಚೂಣಿ ಅಂಚು, ಹೀರುಮೈಯ ಶಾಕ್ ಪೂರ್ವದ ಪಟ್ಟಿ ಮತ್ತು ತುದಿಯ ಸುಳಿಯ ನಡುಭಾಗವನ್ನು ವಿಶೇಷವಾಗಿ ನೋಡಿ.

## ಹಂತ 5: ಸಾಂದ್ರೀಕರಣದ ಮಾದರಿ ಬೇಕೇ ಎಂದು ತೀರ್ಮಾನಿಸಿ

ಇದು ಈ ಮಾರ್ಗದರ್ಶಿಯ ಅತಿ ಮುಖ್ಯ ಹಂತ. ಅತಿಸಂತೃಪ್ತಿ 1 ದಾಟಿತು ಎಂದ ಮಾತ್ರಕ್ಕೆ ಹನಿಗಳು ಹುಟ್ಟುವುದಿಲ್ಲ. ಹುಟ್ಟಲು ಸಮಯ ಬೇಕು, ಮತ್ತು ವೇಗದ ಕಂಪ್ರೆಸರ್‌ನಲ್ಲಿ ಇಲ್ಲದಿರುವುದು ಅದೇ. ಈ ರೋಟರ್‌ನ ಬ್ಲೇಡ್ ದಾರಿಯನ್ನು ಗಾಳಿ ದಾಟಲು ಬೇಕಾಗುವುದು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ.

ಮೊದಲು ಧೂಳಿನ ಕಣಗಳ ಮೇಲೆ ಕೂರುವ ಹನಿಗಳ ಲೆಕ್ಕ. ವಾತಾವರಣದಲ್ಲಿ ಘನ ಮೀಟರಿಗೆ ಸಾವಿರ ಕೋಟಿ ಕಣಗಳಿವೆ ಎಂದುಕೊಳ್ಳಿ. ಅರ್ಧ ಮೀಟರ್ ಉದ್ದದ ಒಳದ್ವಾರವನ್ನು ಗಾಳಿ ಎರಡೂವರೆ ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಪ್ರತಿ ಹನಿ ಬೆಳೆಯುವುದು ಸುಮಾರು 0.8 ಮೈಕ್ರೊಮೀಟರ್ ತ್ರಿಜ್ಯಕ್ಕೆ. ಸಮತೋಲನ ತಲುಪಲು ಅದು 4 ಮೈಕ್ರೊಮೀಟರ್ ದಾಟಬೇಕಿತ್ತು. ದ್ರವ್ಯರಾಶಿ ತ್ರಿಜ್ಯದ ಘನಕ್ಕೆ ಅನುಗುಣವಾಗಿರುವುದರಿಂದ, ಸಾಂದ್ರೀಕರಿಸಬಹುದಾಗಿದ್ದ ಆವಿಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಮಾತ್ರ ಹನಿಯಾಗುತ್ತದೆ. ಒಳದ್ವಾರದಲ್ಲಿ ಕಣ್ಣಿಗೆ ಮಂಜು ಕಂಡಿತೆಂದು ಅಲ್ಲಿ ಲೆಕ್ಕಕ್ಕೆ ಬರುವಷ್ಟು ಉಷ್ಣ ಹೊರಬಿದ್ದಿದೆ ಎಂದು ತಿಳಿಯಬಾರದು. ಬೆಳಕನ್ನು ಚದುರಿಸಲು ಇಷ್ಟು ಚಿಕ್ಕ ಹನಿಗಳೇ ಸಾಕು. ಆದರೆ ಹನಿಯ ದ್ರವ್ಯರಾಶಿ ಸಮಯದ ಒಂದೂವರೆ ಘಾತದಂತೆ ಏರುವುದರಿಂದ ಹಲವು ಮೀಟರ್ ಉದ್ದದ ಡಕ್ಟ್‌ಗೆ ಈ ತೀರ್ಮಾನ ಅನ್ವಯಿಸುವುದಿಲ್ಲ. ಅಲ್ಲಿ ಇದೇ ಲೆಕ್ಕವನ್ನು ಮತ್ತೆ ಮಾಡಬೇಕು.

ಎರಡನೆಯದು ಕಣಗಳ ನೆರವಿಲ್ಲದೆ ತಾನಾಗಿ ಹುಟ್ಟುವ ಹನಿಗಳು. ಶಾಸ್ತ್ರೀಯ ನ್ಯೂಕ್ಲಿಯೇಶನ್ (ಹನಿ ಹುಟ್ಟುವಿಕೆಯ) ಸಿದ್ಧಾಂತದ ಪ್ರಕಾರ ಮೈನಸ್ 8 ಡಿಗ್ರಿ, ಅತಿಸಂತೃಪ್ತಿ 6.4ರಲ್ಲಿ ನಿರ್ಣಾಯಕ ತ್ರಿಜ್ಯ, ಅಂದರೆ ಹನಿ ಆವಿಯಾಗದೆ ಬೆಳೆಯಲು ಬೇಕಾದ ಕನಿಷ್ಠ ತ್ರಿಜ್ಯ, ಸುಮಾರು 0.7 ನ್ಯಾನೊಮೀಟರ್. ಹನಿಗಳು ಹುಟ್ಟುವ ದರವನ್ನು ದಾಟುವ ಸಮಯದಿಂದ ಗುಣಿಸಿ ನೋಡಿದರೆ, ಬರುವ ಸಂಖ್ಯೆ ಧೂಳಿನ ಕಣಗಳ ಸಂಖ್ಯೆಯನ್ನೂ ಮೀರುವುದಿಲ್ಲ. ಆದರೆ ಮ್ಯಾಕ್ 1.65ರಿಂದ 1.8ಕ್ಕೆ ಹೋದರೆ ಅದೇ ದರ ಹತ್ತಾರು ಕೋಟಿ ಪಟ್ಟು ಏರುತ್ತದೆ. ಇಂಥ ಏರಿಕೆ ಇರುವುದರಿಂದಲೇ, ಮುಂಚೂಣಿ ಅಂಚಿನ ಬಳಿ ಮೆಶ್ ಒರಟಾಗಿದ್ದು ಒಂದೆರಡು ಸೆಲ್‌ಗಳಲ್ಲಿ ಸುಳ್ಳು ತಗ್ಗು ಬಂದರೂ ಇಡೀ ಉತ್ತರ ಕೆಡುತ್ತದೆ.

ಹೀಗಾಗಿ ನಮ್ಮ ಉದಾಹರಣೆಯಲ್ಲಿ, ಹೀರುಮೈಯ ಮ್ಯಾಕ್ 1.65ರ ಒಳಗೇ ಇದ್ದರೆ, ಹಂತ 3ರ ಉತ್ತರವೇ ಅಂತಿಮ ಉತ್ತರ. ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಡಿ. ಕಷ್ಟದ ಮಾದರಿಯನ್ನು ಬಳಸದೆ ಬಿಟ್ಟದ್ದಕ್ಕೆ ಲೆಕ್ಕದ ಆಧಾರವಿದ್ದರೆ ಅದು ಕೆಲಸದ ಕೊರತೆಯಲ್ಲ.

ಸಮತೋಲನ ಮಾದರಿಯನ್ನು, ಅಂದರೆ ಅತಿಸಂತೃಪ್ತಿ 1 ದಾಟಿದ ಕ್ಷಣವೇ ಹೆಚ್ಚುವರಿ ಆವಿಯನ್ನು ನೀರಾಗಿಸುವ ಮಾದರಿಯನ್ನು ಬಳಸಿದರೆ ಏನಾಗುತ್ತಿತ್ತು ಎಂದೂ ನೋಡಿ. ರೋಟರ್ ಮುಂದೆಯೇ ಕಿಲೊಗ್ರಾಂಗೆ 3.4 ಗ್ರಾಂ ಹನಿಯಾಗಿ ಗಾಳಿ ಸುಮಾರು 8 ಡಿಗ್ರಿ ಬಿಸಿಯಾಗುತ್ತಿತ್ತು. ನಿಜದಲ್ಲಿ ಇಲ್ಲದ ಈ ಬಿಸಿಯಿಂದ ಶಾಕ್‌ನ ಜಾಗ, ಹರಿವು ಎಲ್ಲವೂ ಬದಲಾಗುತ್ತಿದ್ದವು. ಸಾಲ್ವರ್ ಮಾತ್ರ ಯಾವ ದೂರೂ ಇಲ್ಲದೆ ಸುಗಮವಾಗಿ ಕನ್ವರ್ಜ್ ಆಗುತ್ತಿತ್ತು, ಅಂದರೆ ಒಂದು ಸ್ಥಿರ ಉತ್ತರಕ್ಕೆ ಬರುತ್ತಿತ್ತು.

## ಹಂತ 6: ಸಾಂದ್ರೀಕರಣದ ಮಾದರಿಯನ್ನು ನಾಝಲ್‌ನಲ್ಲಿ ಪರೀಕ್ಷಿಸಿ

ಲೆಕ್ಕವು ಬೇಕೆಂದೇ ಹೇಳಿದರೆ ಅಸಮತೋಲನ ಮಾದರಿಯನ್ನು ಬರೆಯಿರಿ. ಎರಡು ಹೆಚ್ಚುವರಿ ಸಮೀಕರಣಗಳು ಸಾಕು: ಪ್ರತಿ ಕಿಲೊಗ್ರಾಂ ಮಿಶ್ರಣದಲ್ಲಿರುವ ಹನಿಗಳ ಸಂಖ್ಯೆ, ಮತ್ತು ದ್ರವದ ದ್ರವ್ಯಾಂಶ. ಹೀಗೆ ಹುಟ್ಟುವ ಹನಿಗಳು ಕೆಲವು ಹತ್ತು ನ್ಯಾನೊಮೀಟರ್ ಮಾತ್ರ ಇರುವುದರಿಂದ ಅವು ಅನಿಲದೊಂದಿಗೇ ಸಾಗುತ್ತವೆ; ಪ್ರತ್ಯೇಕ ವೇಗ ಬೇಡ. ಗಾಳಿಯ ಅಣುಗಳ ಸರಾಸರಿ ಮುಕ್ತ ಪಥ ಸುಮಾರು 70 ನ್ಯಾನೊಮೀಟರ್ ಆಗಿರುವುದರಿಂದ ಹನಿಯ ಬೆಳವಣಿಗೆಗೆ ಕ್ನುಡ್ಸನ್ ಸಂಖ್ಯೆಯ (ಮುಕ್ತ ಪಥಕ್ಕೂ ಹನಿಯ ಗಾತ್ರಕ್ಕೂ ಇರುವ ಅನುಪಾತದ) ತಿದ್ದುಪಡಿ ಮಾತ್ರ ಕಡ್ಡಾಯ.

ರೋಟರ್‌ಗೆ ಹಾಕುವ ಮೊದಲು ಇದನ್ನು ತೇವ ಗಾಳಿಯ ಲಾವಲ್ ನಾಝಲ್‌ನಲ್ಲಿ (ಮೊದಲು ಕಿರಿದಾಗಿ ಮತ್ತೆ ಅಗಲವಾಗುವ ಕೊಳವೆಯಲ್ಲಿ) ಓಡಿಸಿ, ಪ್ರಕಟವಾಗಿರುವ ಗೋಡೆಯ ಒತ್ತಡಗಳೊಂದಿಗೆ ಹೋಲಿಸಿ. ಕಾರ್ಲ್ಸ್‌ರೂಹೆಯಲ್ಲಿ ಗುಂಟರ್ ಶ್ನೆರ್ ಮತ್ತು ಸಂಗಡಿಗರು ವಾತಾವರಣದ ಗಾಳಿಯಲ್ಲೇ ಮಾಡಿದ ನಾಝಲ್ ಪ್ರಯೋಗಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಒತ್ತಡದ ಉಬ್ಬು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮುಖ್ಯವಾಗಿ ನೋಡಿ. ಅದು ಮುಂದೆ ಅಥವಾ ಹಿಂದೆ ಸರಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೇಲ್ಮೈ ಎಳೆತವನ್ನು. ನ್ಯೂಕ್ಲಿಯೇಶನ್ ದರದ ಘಾತಾಂಕದಲ್ಲಿ ಅದು ಮೂರನೇ ಘಾತದಲ್ಲಿ ಬರುತ್ತದೆ. ಮೇಲಿನ ಸ್ಥಿತಿಯಲ್ಲಿ ಅದರ ಮೌಲ್ಯ ಶೇಕಡಾ 10 ಹೆಚ್ಚಾದರೆ ದರವು ಲಕ್ಷಗಟ್ಟಲೆ ಪಟ್ಟು ಕುಸಿಯುತ್ತದೆ. 20 ಡಿಗ್ರಿಯ ಒಂದೇ ಸ್ಥಿರ ಮೌಲ್ಯವನ್ನು ಎಲ್ಲೆಡೆ ಬಳಸುವುದು ಆದ್ದರಿಂದ ಸಣ್ಣ ಸರಳೀಕರಣವಲ್ಲ.

ಗುಪ್ತೋಷ್ಣವನ್ನು ಎರಡು ಸಲ ಎಣಿಸುವ ತಪ್ಪೂ ಇಲ್ಲೇ ಸಿಕ್ಕಿಬೀಳುತ್ತದೆ. ಆವಿ ಮತ್ತು ದ್ರವದ ಎಂಥಾಲ್ಪಿಗಳ (ಅವುಗಳಲ್ಲಿ ಅಡಗಿರುವ ಉಷ್ಣಶಕ್ತಿಯ) ವ್ಯತ್ಯಾಸದಲ್ಲಿಯೇ ಅದು ಅಡಗಿದ್ದರೆ ಶಕ್ತಿಯ ಸಮೀಕರಣಕ್ಕೆ ಮತ್ತೆ ಮೂಲ ಪದ ಸೇರಿಸಬಾರದು. ಒಂದು ಗ್ರಾಂ ಹನಿಯಾದರೆ ಒಂದು ಕಿಲೊಗ್ರಾಂ ಗಾಳಿ ಸುಮಾರು 2.4 ಡಿಗ್ರಿ ಬಿಸಿಯಾಗಬೇಕು, 4.8 ಬಂದರೆ ಕಾರಣ ಗೊತ್ತಾಯಿತು.

## ಹಂತ 7: ರೋಟರ್‌ಗೆ ಜೋಡಿಸಿ

ಹಂತ 3ರ ಕನ್ವರ್ಜ್ ಆದ ಉತ್ತರದಿಂದಲೇ ಶುರು ಮಾಡಿ. ಮೊದಲು ಹನಿಗಳ ಸಮೀಕರಣಗಳನ್ನು ಉಷ್ಣದ ಪರಿಣಾಮವಿಲ್ಲದೆ ಓಡಿಸಿ, ಅವು ಎಲ್ಲಿ ಹುಟ್ಟುತ್ತವೆ ಎಂದು ನೋಡಿಕೊಂಡು, ಅನಂತರ ಗುಪ್ತೋಷ್ಣವನ್ನು ಸೊನ್ನೆಯಿಂದ ಪೂರ್ಣ ಮೌಲ್ಯಕ್ಕೆ ಹಂತಹಂತವಾಗಿ ಏರಿಸಿ. ಮೂಲ ಪದಗಳನ್ನು ಹರಿವಿನ ಒಂದು ಹೆಜ್ಜೆಯೊಳಗೆ ಹಲವು ಸಣ್ಣ ಹೆಜ್ಜೆಗಳಾಗಿ ಬಿಡಿಸಬೇಕು. ಹನಿಗಳ ಸಂಖ್ಯೆಯೂ ದ್ರವದ ಅಂಶವೂ ಎಂದಿಗೂ ಋಣವಾಗದಂತೆ, ದ್ರವವು ಲಭ್ಯ ಆವಿಯನ್ನು ಮೀರದಂತೆ ಕಾಯಬೇಕು.

ಮೆಶ್ ಸಾಕೇ ಎಂದು ತೀರ್ಮಾನಿಸುವಾಗ ಒತ್ತಡದ ಅನುಪಾತವನ್ನು ನೋಡಿ ಸಮಾಧಾನಪಡಬೇಡಿ. ಅದು ಬಲು ಬೇಗ ಸ್ಥಿರವಾಗುತ್ತದೆ. ದಾರಿಯಲ್ಲಿ ಹುಟ್ಟುವ ಒಟ್ಟು ಹನಿಗಳ ಸಂಖ್ಯೆ ಮೆಶ್ ಬದಲಿಸಿದಾಗ ಬದಲಾಗುತ್ತಿದ್ದರೆ ಹೀರುಮೈಯ ಮೇಲೆ ಇನ್ನೂ ನವಿರಾದ ಸೆಲ್‌ಗಳು ಬೇಕು.

## ಹಂತ 8: ಅಪಾಯದ ಸೂಚನೆಗಳನ್ನು ಗಮನಿಸಿ

ಹೊರದ್ವಾರದಲ್ಲಿ ದ್ರವ ಉಳಿದಿದ್ದರೆ ಆವಿಯಾಗುವ ಭಾಗದ ಕೋಡ್ ಕೆಲಸ ಮಾಡುತ್ತಿಲ್ಲ ಎಂದರ್ಥ. ರೋಟರ್ ಹಿಂದೆ ಒಟ್ಟು ತಾಪಮಾನ ಸುಮಾರು 110 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೆಲವು ಹತ್ತು ನ್ಯಾನೊಮೀಟರ್ ಗಾತ್ರದ ಹನಿ ಅಲ್ಲಿ ಬದುಕಲಾರದು. ಆವಿ ಮತ್ತು ದ್ರವ ಎರಡನ್ನೂ ಕೂಡಿಸಿದ ನೀರಿನ ಹರಿವು ಒಳದ್ವಾರ ಮತ್ತು ಹೊರದ್ವಾರದಲ್ಲಿ ಒಂದೇ ಇರಬೇಕು. ಶಾಕ್ ಹಿಂದಿನ ಬಿಸಿ ಪ್ರದೇಶದಲ್ಲಿ ನ್ಯೂಕ್ಲಿಯೇಶನ್ ಕಂಡರೆ ಲಿಮಿಟರ್‌ನ (ಶಾಕ್ ಬಳಿ ಲೆಕ್ಕದ ಸುಳ್ಳು ಅಲೆಗಳನ್ನು ತಡೆಯುವ ಭಾಗದ) ಏರಿಳಿತ ಕಾರಣ. ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಉಳಿದ ದೋಷ) ಇಳಿಯದೆ ಒಂದೇ ಲಯದಲ್ಲಿ ತೂಗಾಡುತ್ತಿದ್ದರೆ ಡ್ಯಾಂಪಿಂಗ್ ಹಾಕಿ ಅದನ್ನು ಅಡಗಿಸಲು ಹೋಗಬೇಡಿ. ಹೊರಬೀಳುವ ಉಷ್ಣ ಒಂದು ಮಿತಿ ದಾಟಿದಾಗ ಸಾಂದ್ರೀಕರಣವೇ ಕಾಲದೊಂದಿಗೆ ಆಂದೋಲನ ಮಾಡುತ್ತದೆ, ಆಗ ಕಾಲಾವಲಂಬಿ ರನ್ ಬೇಕು.

## ಹಂತ 9: ಫಲಿತಾಂಶವನ್ನು ಬರೆಯುವಾಗ

ಒಣ ಗಾಳಿ, ಸಾಂದ್ರೀಕರಣವಿಲ್ಲದ ತೇವ ಗಾಳಿ, ಸಾಂದ್ರೀಕರಣವಿರುವ ತೇವ ಗಾಳಿ ಎಂಬ ಮೂರು ರನ್‌ಗಳನ್ನೂ ಒಟ್ಟಿಗೆ ಕೊಡಿ. ಮೊದಲೆರಡರ ಅಂತರ ಅನಿಲದ ಗುಣಗಳದ್ದು, ಕೊನೆಯೆರಡರ ಅಂತರ ಹನಿಗಳದ್ದು. ಐಸೆಂಟ್ರಾಪಿಕ್ ದಕ್ಷತೆಯನ್ನು (ನಷ್ಟವಿಲ್ಲದ ಸಂಕೋಚನಕ್ಕೆ ಬೇಕಾದ ಕೆಲಸಕ್ಕೂ ನಿಜಕ್ಕೂ ಬೇಕಾದದ್ದಕ್ಕೂ ಇರುವ ಅನುಪಾತವನ್ನು) ಮಿಶ್ರಣದ ಗುಣಗಳಿಂದಲೇ ಲೆಕ್ಕ ಹಾಕಿ. ವಿಶಿಷ್ಟೋಷ್ಣಗಳ ಅನುಪಾತ 1.397 ಇರಬೇಕಾದಲ್ಲಿ 1.4 ಬಳಸಿದರೆ ಈ ಒತ್ತಡದ ಅನುಪಾತದಲ್ಲಿ ದಕ್ಷತೆ ಸುಮಾರು ಅರ್ಧ ಶೇಕಡಾಂಶ ಹೆಚ್ಚಾಗಿ ಕಾಣುತ್ತದೆ, ಮತ್ತು ನೀವು ಹುಡುಕುತ್ತಿರುವ ಪರಿಣಾಮದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ.

ರೋಟರ್ 37ರ ಅಳತೆಗಳಲ್ಲಿ ಹಬ್‌ಗೆ (ಬ್ಲೇಡ್‌ಗಳ ಬುಡವಿರುವ ನಡುಭಾಗಕ್ಕೆ) ಹತ್ತಿರದ ಭಾಗದಲ್ಲಿ ಒಟ್ಟು ಒತ್ತಡದ ಒಂದು ತಗ್ಗು ಇದೆ. ಬಹಳಷ್ಟು ಸಿಎಫ್‌ಡಿ ಫಲಿತಾಂಶಗಳಲ್ಲಿ ಅದು ಕಾಣುವುದಿಲ್ಲ. ನಾಸಾದ ಸಂಶೋಧಕರು 1997ರಲ್ಲಿ ಅದಕ್ಕೆ ಹಬ್‌ನ ಸಂದಿಯಿಂದ ಸೋರುವ ಗಾಳಿಯೇ ಕಾರಣವಿರಬಹುದೆಂದು ತೋರಿಸಿದರು. ಮೇಲ್ಮೈ ಎಳೆತವನ್ನೋ ಕಣಗಳ ಸಂಖ್ಯೆಯನ್ನೋ ತಿರುಚುತ್ತಾ ಹೋಗಿ ಆ ತಗ್ಗನ್ನು ತೇವಾಂಶದಿಂದ ತರಿಸಲು ಪ್ರಯತ್ನಿಸಬಾರದು.